ಹೆಲ್ಸಿಂಕಿಯ ಉತ್ತರ, ನಮ್ಮೂರಿನ ನಡಾವಳಿ ಪುಸ್ತಕ

ಹೆಲ್ಸಿಂಕಿಯ ನಮ್ಮ ಮನೆಯಲ್ಲಿ, 12 ವರ್ಷದ ಮಗಳು ಊಟದ ಮೇಜಿನ ಮುಂದೆ ಕುಳಿತು, ನಗರಾಡಳಿತದ ಹಣ ಯಾವ ಕೆಲಸಕ್ಕೆ ಹೋಗಬೇಕೆಂದು ಮತ ಹಾಕಿದ ದಿನ ನನಗೆ ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿ ಬಹಳ ನೆನಪಾಯಿತು.

ಓಮಾಸ್ಟಾಡಿ ಎಂಬ ಈ ವ್ಯವಸ್ಥೆ 2018ರಲ್ಲಿ ಆರಂಭವಾಯಿತು. ನಗರದ ಆಯವ್ಯಯದಲ್ಲಿ ಒಂದು ಪಾಲನ್ನು, ಮೊದಲ ಸುತ್ತಿನಲ್ಲಿ 44 ಲಕ್ಷ ಯೂರೊಗಳನ್ನು, ನಿವಾಸಿಗಳ ಸಲಹೆಗಳಿಗೆಂದೇ ಮೀಸಲಿಡಲಾಯಿತು. ಮತ ಹಾಕಲು ಫಿನ್ಲೆಂಡಿನ ಪೌರತ್ವ ಬೇಕಿಲ್ಲ, ಊರಿನಲ್ಲಿ ವಾಸವಿದ್ದರೆ ಸಾಕು. ಇದಕ್ಕೆ ಬಳಸುವ ಡೆಸಿಡಿಮ್ ತಂತ್ರಾಂಶ 2016ರಲ್ಲಿ ಬಾರ್ಸಿಲೋನಾದ ನಗರಾಡಳಿತದಲ್ಲಿ ಹುಟ್ಟಿದ್ದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ನನ್ನ ಮನಸ್ಸಿಗೆ ನಾಟಿದ್ದು ತಂತ್ರಾಂಶಕ್ಕಿಂತ ಹೆಚ್ಚಾಗಿ ಅದರಲ್ಲಿ ಸಿಗುವ ಉತ್ತರ. ಪ್ರತಿ ಸಲಹೆಯನ್ನೂ ನಗರಾಡಳಿತದ ತಜ್ಞರು ಪರಿಶೀಲಿಸಿ, ಆಗುತ್ತದೆಯೋ ಇಲ್ಲವೋ, ಇಲ್ಲವಾದರೆ ಏಕೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಾರೆ. ಆಟದ ಬಯಲಿನ ಪಕ್ಕ ಕುಡಿಯುವ ನೀರಿನ ನಲ್ಲಿ ಬೇಕೆಂದು ಮಗಳು ಕೇಳಿದ್ದಳು. ಆ ಜಾಗ ನಗರಾಡಳಿತದ್ದಲ್ಲ ಎಂಬ ಉತ್ತರ ಬಂತು. ಅವಳು ಅದನ್ನು ಎರಡು ಸಲ ಓದಿ, ಬೇರೆ ಜಾಗ ಹುಡುಕಲು ನಕ್ಷೆ ತೆರೆದಳು.

ನಮ್ಮಲ್ಲಿ ಹಕ್ಕಿಗೇನೂ ಕೊರತೆಯಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು, ಮತದಾರರೆಲ್ಲರೂ ಅದರ ಸದಸ್ಯರೇ. ಆದರೆ ನಮ್ಮ ಬೀದಿಯ ಚರಂಡಿಗಾಗಿ ಅಪ್ಪ ಮೂರು ಬಾರಿ ಅರ್ಜಿ ಕೊಟ್ಟರೂ "ನೋಡೋಣ" ಎಂಬುದರಾಚೆ ಮಾತು ಬರಲಿಲ್ಲ. ಸಭೆಯಲ್ಲಿ ಏನು ಠರಾವಾಯಿತೆಂಬುದು ನಡಾವಳಿ ಪುಸ್ತಕದೊಳಗೆ, ಪುಸ್ತಕ ಬೀರುವಿನೊಳಗೆ. ಅರ್ಜಿಯ ಪಕ್ಕದಲ್ಲೇ ಉತ್ತರ ಬರೆದು, ಆ ಪುಟದ ಫೋಟೊವನ್ನು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದರಿಂದಲೇ ನಾವು ಶುರು ಮಾಡಬಹುದೆಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು. ನಮ್ಮ ಬೀದಿಯ ಎಷ್ಟೋ ಹೆಂಗಸರಿಗೆ ಸ್ವಂತ ಫೋನಿಲ್ಲ. ಬೆಳಗ್ಗೆ ಹಾಲು ಹಾಕಲು ಡೇರಿಗೆ ಮಾತ್ರ ಎಲ್ಲರೂ ಬರುತ್ತಾರೆ.

ಇದನ್ನು ತಮ್ಮನಿಗೆ ಹೇಳಿದ್ದೆ. ಕಳೆದ ಗ್ರಾಮಸಭೆಯ ನಂತರ ಅವನು ಪಿಡಿಒ ಅವರನ್ನು ಕೇಳಿ ಪುಟದ ಫೋಟೊ ತೆಗೆದುಕೊಂಡು, ಮರುದಿನ ಡೇರಿಯ ಮುಂದೆ ಗಟ್ಟಿಯಾಗಿ ಓದಿದ. ಚರಂಡಿಯ ಸಾಲಿನಲ್ಲಿ "ಅನುದಾನ ಬಂದ ನಂತರ" ಎಂದಿತ್ತು. ಯಾವ ಅನುದಾನ, ಯಾವ ವರ್ಷದ್ದು ಎಂದು ಕೇಳಿ ಅಪ್ಪ ಈಗ ನಾಲ್ಕನೆಯ ಅರ್ಜಿ ಬರೆದಿದ್ದಾರೆ; ಈ ಸಲ ಅದರಡಿ ಬೀದಿಯ ಹನ್ನೊಂದು ಹೆಂಗಸರ ಸಹಿಯೂ ಇದೆ.