ಮಾವಿನಹಣ್ಣಿನ ಹೆಂಗಸು

ನಮ್ಮ ಮಗಳು ಇರುವುದು ವಾಷಿಂಗ್ಟನ್‌ನ ಕೊಲಂಬಿಯಾ ಹೈಟ್ಸ್‌ನಲ್ಲಿ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಕಡೆಯವರು ಜಾಸ್ತಿ ಇರುವ ಏರಿಯಾ. ಅವಳ ಮನೆ ಹತ್ತಿರ ಒಬ್ಬ ಹೆಂಗಸು ಹೆಚ್ಚಿದ ಮಾವಿನಹಣ್ಣಿಗೆ ಉಪ್ಪು, ಖಾರದ ಪುಡಿ, ನಿಂಬೆರಸ ಹಾಕಿ ಮಾರುತ್ತಿದ್ದಳು. ಶ್ರೀನಿವಾಸಪುರದ ನಮಗೆ ಆ ರುಚಿ ಹೇಳಿಕೊಡಬೇಕಾ! 2025ರ ಆಗಸ್ಟ್‌ನಲ್ಲಿ ಅವಳು ಇದ್ದಕ್ಕಿದ್ದಂತೆ ಕಾಣೆ.

ಆಗಸ್ಟ್ 11ಕ್ಕೆ ಟ್ರಂಪ್, ವಾಷಿಂಗ್ಟನ್‌ಗೆ ಸ್ಥಳೀಯ ಆಡಳಿತ ಕೊಟ್ಟ 1973ರ ಹೋಂ ರೂಲ್ ಕಾಯ್ದೆಯ 740ನೇ ಸೆಕ್ಷನ್ ಹಿಡಿದು, ಆ ಊರಿನ ಪೊಲೀಸರನ್ನು 30 ದಿನ ಕೇಂದ್ರದ ಕೈಗೆ ತಗೊಂಡಿದ್ದರು. ಅಪರಾಧ ತಡೆಯೋಕೆ ಅಂದರು. ಮೂರೇ ದಿನದಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥೆಯ ಆದೇಶ ಬಂತು: ರಸ್ತೆಯಲ್ಲಿ ವಾಹನ ತಡೆದಾಗ ಸಿಕ್ಕವರ ವಿವರ ವಲಸೆ ಅಧಿಕಾರಿಗಳಿಗೆ ಕೊಡಬಹುದು.

'ದೆಹಲಿ ಪೊಲೀಸರೂ ಕೇಂದ್ರದ ಕೈಯಲ್ಲೇ ಅಲ್ವಾ ಅಪ್ಪಾ?' ಅಂದಳು ಮಗಳು. ಹೌದು. ನಮ್ಮಲ್ಲಿ ಪೊಲೀಸ್ ರಾಜ್ಯದ ವಿಷಯ, ದೆಹಲಿಯದು ಬೇರೆ ಲೆಕ್ಕ. ಆದರೆ ನನಗೆ ನೆನಪಾಗಿದ್ದು ದೆಹಲಿ ಅಲ್ಲ, ಕೋಲಾರದ ಟೊಮ್ಯಾಟೊ ಮಂಡಿ.

ನಾನು ಆಗ ಹೆಡ್ ಕಾನ್‌ಸ್ಟೇಬಲ್. ರಾತ್ರಿ ಬೀಟ್‌ನಲ್ಲಿ ಟೀ ಅಂಗಡಿ ಮುಂದೆ ಒಬ್ಬ ಹುಡುಗ ಕೂತಿದ್ದ. ಲಾರಿಗೆ ಬಾಕ್ಸ್ ಲೋಡ್ ಮಾಡೋ ಬಿಹಾರದವನು. ತಲೆಗೆ ಟವೆಲ್ ಸುತ್ತಿದ್ದ, ಕಿವಿ ಹಿಂದೆ ರಕ್ತ ಒಣಗಿತ್ತು. ಯಾರೋ ಹೊಡೆದು ವಾರದ ಕೂಲಿ ಕಿತ್ಕೊಂಡು ಹೋಗಿದ್ದರು. ಠಾಣೆಗೆ ಯಾಕೆ ಬರಲಿಲ್ಲ ಅಂದೆ. 'ಆಧಾರ್ ಊರಲ್ಲಿದೆ ಸಾಬ್' ಅಂದ.

ನನಗೆ ಮುಖ ಎತ್ತೋಕೆ ಆಗಲಿಲ್ಲ. ಹೊರಗಿನವರ ರೂಮುಗಳಲ್ಲಿ ದಾಖಲೆ ನೋಡಿ ಅಂತ ಹಿಂದಿನ ವಾರವಷ್ಟೇ ಮೇಲಿಂದ ಹೇಳಿದ್ದರು. ರಾತ್ರಿ ಹನ್ನೊಂದಕ್ಕೆ ಅವನ ರೂಮಿನ ಬಾಗಿಲನ್ನು ಲಾಠಿಯಲ್ಲಿ ತಟ್ಟಿದವನು ನಾನೇ! ಅವನು ಈ ದೇಶದವನೇ, ಹೆದರಬೇಕಾದ್ದು ಏನೂ ಇಲ್ಲ. ಆದರೂ ಕಂಪ್ಲೇಂಟ್ ಕೊಡಲಿಲ್ಲ. ಕಂಪ್ಲೇಂಟ್ ಇಲ್ಲ ಅಂದರೆ ನಮ್ಮ ರಿಜಿಸ್ಟರ್‌ನಲ್ಲಿ ಅಪರಾಧವೂ ಇಲ್ಲ. ಲೆಕ್ಕ ಚೆನ್ನಾಗೇ ಕಾಣುತ್ತದೆ ಬಿಡಿ. ಹೊಡೆದವರು ಮುಂದಿನ ತಿಂಗಳು ಇನ್ನಿಬ್ಬರು ಲೋಡಿಂಗ್ ಹುಡುಗರನ್ನು ಹಿಡಿದರು. ಅದೂ ನನಗೆ ಗೊತ್ತಾಗಿದ್ದು ಟೀ ಅಂಗಡಿಯವನಿಂದಲೇ.

30 ದಿನ ಮುಗಿದ ಮೇಲೆ ಮಗಳನ್ನು ಕೇಳಿದೆ, ಮಾವಿನಹಣ್ಣಿನ ಹೆಂಗಸು ಬಂದಳಾ ಅಂತ. 'ಬಂದಿದ್ದಾಳೆ ಅಪ್ಪಾ. ಆದರೆ ಬಿಸಿಲಿದ್ದರೂ ಛತ್ರಿ ಬಿಚ್ಚಲ್ಲ. ಎತ್ತಿಕೊಂಡು ಓಡೋಕೆ ತಡ ಆಗುತ್ತಂತೆ.'