ಹಾರ್ಟ್ ಅಟ್ಯಾಕ್ ಆದವರ ಕಾಲನ್ನೂ ನೋಡಿ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರನ್ನು ನೋಡಲು ಹೋದಾಗ ಎಲ್ಲರೂ ಕೇಳುವುದು ಎದೆ ನೋವಿನ ಬಗ್ಗೆ, ಉಸಿರಿನ ಬಗ್ಗೆ. ನಡೆಯುವಾಗ ಕಾಲು ಹಿಡಿದುಕೊಳ್ಳುತ್ತಾ ಅಂತ ಯಾರೂ ಕೇಳುವುದಿಲ್ಲ. ಆದರೆ ಅವರಿಗೆ ಇನ್ನೊಂದು ಅಟ್ಯಾಕ್ ಆಗುವ ಅಪಾಯ ಎಷ್ಟು ಅಂತ ಅಂದಾಜು ಮಾಡಲು ಕಾಲಿನ ರಕ್ತನಾಳಗಳು ತುಂಬಾ ಸಹಾಯ ಮಾಡುತ್ತವೆ.

ಹೃದಯದ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಂತೆ ಕಾಲಿನ ನಾಳದಲ್ಲೂ ಕಟ್ಟಿಕೊಳ್ಳುತ್ತದೆ. ಡಾಕ್ಟರುಗಳು ಇದನ್ನು ಪಿಎಡಿ ಅನ್ನುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ, ಶುಗರ್ ಇರುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಇದು ಜಾಸ್ತಿ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ಆದರೆ ಎಷ್ಟೋ ಜನರಿಗೆ ಈ ನೋವೇ ಇರುವುದಿಲ್ಲ, ಅದರಲ್ಲೂ ಶುಗರ್‌ನಿಂದ ನರ ಮರಗಟ್ಟಿದ್ದರೆ ಗೊತ್ತೇ ಆಗುವುದಿಲ್ಲ.

2015ರಲ್ಲಿ ಪ್ರಕಟವಾದ ಪೆಗಾಸಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ, 1ರಿಂದ 3 ವರ್ಷದ ಹಿಂದೆ ಅಟ್ಯಾಕ್ ಆಗಿದ್ದ 21 ಸಾವಿರಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ಸುಮಾರು ಶೇ. 5 ಮಂದಿಗೆ ಪಿಎಡಿ ಇತ್ತು. ಆಸ್ಪಿರಿನ್ ಮಾತ್ರ ತೆಗೆದುಕೊಳ್ಳುತ್ತಿದ್ದವರನ್ನು 3 ವರ್ಷ ಗಮನಿಸಿದಾಗ, ಹೃದಯ ಇಲ್ಲವೇ ರಕ್ತನಾಳದ ಕಾರಣಕ್ಕೆ ಸಾವು, ಇನ್ನೊಂದು ಅಟ್ಯಾಕ್ ಅಥವಾ ಸ್ಟ್ರೋಕ್ ಆದವರು ಪಿಎಡಿ ಇಲ್ಲದ ಗುಂಪಿನಲ್ಲಿ ಶೇ. 8.4, ಇದ್ದ ಗುಂಪಿನಲ್ಲಿ ಶೇ. 19.3. ಎರಡು ಪಟ್ಟಿಗೂ ಜಾಸ್ತಿ! ವಯಸ್ಸು, ಶುಗರ್ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿದಿತ್ತು.

ಯಾಕೆ ಹೀಗೆ? ಕಾಲಿನಲ್ಲೂ ಬ್ಲಾಕ್ ಇದೆ ಅಂದರೆ ಕಾಯಿಲೆ ಒಂದು ಕಡೆ ನಿಂತಿಲ್ಲ ಅಂತ ಅರ್ಥ. ಇವರಲ್ಲಿ ಅನೇಕರಿಗೆ ಹೃದಯದ ನಾಳಗಳಲ್ಲೂ ಒಂದಕ್ಕಿಂತ ಜಾಸ್ತಿ ಕಡೆ ಬ್ಲಾಕ್ ಇರುತ್ತದೆ. ಸ್ಟೆಂಟ್ ಹಾಕಿದ್ದು ಒಂದು ಜಾಗಕ್ಕೆ, ಉಳಿದ ನಾಳಗಳಿಗೆ ಮಾತ್ರೆಯೇ ಗತಿ. ಅದರ ಮೇಲೆ, ವಾಕಿಂಗ್ ಮಾಡಿ ಅಂತ ಡಾಕ್ಟರ್ ಹೇಳಿರುತ್ತಾರೆ, ಕಾಲು ಬಿಡುವುದಿಲ್ಲ. ನನ್ನ ಸೋದರಮಾವನದ್ದು ಇದೇ ಕಥೆ. ಬೀದಿ ಕೊನೆ ಮುಟ್ಟುವಷ್ಟರಲ್ಲಿ ನಿಂತುಬಿಡುತ್ತಿದ್ದರು, ಮನೆಯಲ್ಲಿ ಎಲ್ಲರೂ ವಾಯು, ವಯಸ್ಸು ಅಂತ ಎಣ್ಣೆ ಹಚ್ಚುತ್ತಿದ್ದರು. ಕೊನೆಗೆ ಫಾಲೋ-ಅಪ್‌ಗೆ ಹೋದಾಗ ಒಬ್ಬ ಯುವ ಡಾಕ್ಟರ್ ಸಾಕ್ಸ್ ಬಿಚ್ಚಿಸಿ ಪಾದದ ನಾಡಿ ಮುಟ್ಟಿ ನೋಡಿದರು. ಆ ಡಾಕ್ಟರಿಗೆ ನಾನು ಇವತ್ತಿಗೂ ಋಣಿ.

ಪಿಎಡಿ ಇದೆಯಾ ಅಂತ ನೋಡುವ ಪರೀಕ್ಷೆಗೆ ಸೂಜಿ ಬೇಡ. ಕೈಯಲ್ಲಿ ಮತ್ತು ಕಣಕಾಲಿನಲ್ಲಿ ಬಿಪಿ ನೋಡಿ, ಕಣಕಾಲಿನ ಬಿಪಿಯ ಮೇಲಿನ ಅಂಕಿಯನ್ನು ಕೈಯದ್ದರಿಂದ ಭಾಗಿಸುತ್ತಾರೆ, ಅದಕ್ಕೆ ಎಬಿಐ ಅಂತ ಹೆಸರು. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪಿಎಡಿ. 1.40 ದಾಟಿದರೂ ಸುಮ್ನೆ ಬಿಡಬಾರದು, ಶುಗರ್, ಕಿಡ್ನಿ ಇರುವವರಲ್ಲಿ ನಾಳ ಗಟ್ಟಿಯಾಗಿ ಹಾಗೆ ತೋರಿಸುತ್ತದೆ, ಆಗ ಕಾಲ್ಬೆರಳಿನ ಬಿಪಿ ನೋಡಬೇಕಾಗುತ್ತದೆ.

ಗೊತ್ತಾದರೆ ಏನು ಲಾಭ ಅಂತ ನಮ್ಮ ಅತ್ತೆ ಕೇಳಿದ್ದರು. ಲಾಭ ಇದೆ. ಕೊಲೆಸ್ಟ್ರಾಲ್ ಮಾತ್ರೆ ಜೋರಾಗಿಯೇ ಕೊಡುತ್ತಾರೆ, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲನ್ನು ಇನ್ನೂ ಕೆಳಗಿಳಿಸಲು ನೋಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕೊಡುವ ಎರಡನೇ ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕು ಅನ್ನುವ ಲೆಕ್ಕವೂ ಬದಲಾಗಬಹುದು. ಅದೇ ಪೆಗಾಸಸ್‌ನಲ್ಲಿ ಟಿಕಾಗ್ರೆಲಾರ್ ಅನ್ನುವ ಇಂಥ ಎರಡನೇ ಮಾತ್ರೆಯಿಂದ ಪಿಎಡಿ ಇದ್ದವರಿಗೇ ಹೆಚ್ಚು ಉಪಯೋಗ ಕಂಡಿತ್ತು. ಆದರೆ ಈ ಮಾತ್ರೆಗಳಿಂದ ರಕ್ತಸ್ರಾವದ ಭಯವೂ ಇದೆ, ಹಾಗಾಗಿ ಡಾಕ್ಟರೇ ತೂಗಿ ನೋಡಬೇಕು, ನಾವು ನಾವೇ ಶುರು ಮಾಡುವುದೂ ನಿಲ್ಲಿಸುವುದೂ ಎರಡೂ ಅಪಾಯ. ಧೂಮಪಾನ ಪೂರ್ತಿ ಬಿಡಲೇಬೇಕು, ಇದರಲ್ಲಿ ರಾಜಿ ಇಲ್ಲ.

ನಡಿಗೆಯನ್ನು ಬಿಡಬೇಡಿ. ಡಾಕ್ಟರ್ ಒಪ್ಪಿದ ಮೇಲೆ, ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದೇ ಇದಕ್ಕೆ ಒಳ್ಳೆಯ ಚಿಕಿತ್ಸೆ. ವಾರಕ್ಕೆ ಕನಿಷ್ಠ 3 ದಿನ, 12 ವಾರ ಬಿಡದೆ ಮಾಡಿದರೆ ನಡೆಯುವ ದೂರ ಹೆಚ್ಚುತ್ತದೆ.

ಇನ್ನೊಂದು ಮುಖ್ಯ ವಿಷಯ. ಕಾಲು ನೋವಿಗೆ ಸಿಲೋಸ್ಟಜೋಲ್ ಅಂತ ಒಂದು ಮಾತ್ರೆ ಬರೆಯುತ್ತಾರೆ. ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸರಿಯಾಗಿ ರಕ್ತ ಪಂಪ್ ಮಾಡಲಾಗದ ತೊಂದರೆ, ಇರುವವರಿಗೆ ಅದು ಕೊಡುವ ಹಾಗಿಲ್ಲ. ಅಟ್ಯಾಕ್ ಆದ ಮೇಲೆ ಹೃದಯ ದುರ್ಬಲವಾಗಿರುವವರು ಕಾಲಿಗೆ ಅಂತ ಬೇರೆ ಡಾಕ್ಟರ ಹತ್ತಿರ ಹೋಗುವಾಗ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಮತ್ತು ಡಿಸ್ಚಾರ್ಜ್ ಸಮ್ಮರಿ ಕೈಯಲ್ಲೇ ಇಟ್ಟುಕೊಂಡು ಹೋಗಿ, ಅವರು ಕೇಳದಿದ್ದರೂ ನೀವೇ ತೋರಿಸಿ.