ಬಿಟ್ಟುಹೋದ ನಾಯಿಗೆ ಇನ್ನೊಂದು ಮನೆ

ನಾಯಿ ಶೆಲ್ಟರ್‌ಗೆ ಪ್ರತಿ ತಿಂಗಳು ಸ್ವಲ್ಪ ದುಡ್ಡು ಕಳಿಸ್ತೀನಿ, ಅದು ಎಲ್ಲಿಗೆ ಹೋಗತ್ತೆ ಅಂತ ಅಲ್ಲಿಗೆ ಹೋಗಿ ನೋಡಿದ್ಮೇಲೇ ಗೊತ್ತಾಗಿದ್ದು. ಹೊಸದಾಗಿ ಬಂದ ನಾಯಿನ ಮೊದಲು ಬೇರೆ ಇಡ್ತಾರೆ, ಯಾಕಂದ್ರೆ ಪಾರ್ವೋ ಅನ್ನೋ ನಾಯಿಗಳ ಅಂಟುರೋಗದ ಲಕ್ಷಣ ಕಾಣಿಸ್ಕೊಳ್ಳೋಕೆ 14 ದಿನದವರೆಗೂ ಹಿಡೀಬಹುದು, ಆಮೇಲೆ ರೇಬಿಸ್, ಡಿಸ್ಟೆಂಪರ್ ಲಸಿಕೆ, ಜಂತುಹುಳದ ಮಾತ್ರೆ, ಮರಿ ಆಗದ ಹಾಗೆ ಆಪರೇಷನ್, ಇಷ್ಟೆಲ್ಲಾ ಆದ್ಮೇಲೇನೇ ಮನೆ ಹುಡುಕೋದು.

ಅವತ್ತು ಮೂಲೇಲಿ ಒಂದು ಕಂದು ನಾಯಿ ಕೂತಿತ್ತು, ಕುತ್ತಿಗೇಲಿ ಬೆಲ್ಟ್ ಇದ್ದ ಜಾಗದಲ್ಲಿ ಕೂದಲು ಸವೆದುಹೋಗಿತ್ತು, ಗೇಟ್ ಸದ್ದಾದಾಗೆಲ್ಲ ಕಿವಿ ನಿಮಿರಿಸಿ ನೋಡಿ ಮತ್ತೆ ತಲೆ ತಗ್ಗಿಸ್ತಿತ್ತು. ಕರುಳು ಚುರ್ ಅಂತು.

ದತ್ತು ತಗೊಳ್ಳೋಕೆ ಆಗ್ದೇ ಇದ್ರೆ ಸ್ವಲ್ಪ ದಿನ ಫಾಸ್ಟರ್ ಮಾಡಿ, ಅಂದ್ರೆ ಬೇರೆ ಮನೆ ಸಿಗೋವರೆಗೂ ನಿಮ್ಮನೇಲಿ ಇಟ್ಕೊಂಡು ನೋಡ್ಕೊಳ್ಳಿ, ಹಳೇ ಬೆಡ್‌ಶೀಟ್ ಆದ್ರೂ ಕೊಡಿ. ಕರ್ಕೊಂಡು ಹೋದವರು ಮಾತ್ರ ಎರಡೇ ದಿನಕ್ಕೆ ಹೊಂದ್ಕೊಳ್ತಿಲ್ಲ ಅಂತ ವಾಪಸ್ ಬಿಡಬೇಡಿ ಪ್ಲೀಸ್, ಅದಕ್ಕೆ ತಿಂಗಳುಗಳೇ ಬೇಕಾಗ್ಬಹುದು.